ಲಾಂಗ್ ವೀಕೆಂಡ್‌ಗೆ ಸ್ಕಂದಗಿರಿನಾ, ಬೇರೆ ಕಡೆನಾ? ಇಬ್ಬರೇ ಹೊರಡೋ ಮುಂಚೆ ನೋಡಬೇಕಾದ್ದು

ಚಿಕ್ಕಬಳ್ಳಾಪುರ: ಶನಿವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಕಳವಾರದ ರಸ್ತೆಯಲ್ಲಿ ನಿಂತು ನೋಡಿದರೆ ಸಾಲಾಗಿ ಬೆಂಗಳೂರಿನ ಕಾರು, ಬೈಕು. ಎಲ್ಲರೂ ಸ್ಕಂದಗಿರಿಗೆ. ಅದೇ ಹೊತ್ತಿಗೆ ಊರೊಳಗೆ ಹೂವಿನವರು, ಹಾಲಿನವರು, ಟೀ ಅಂಗಡಿಯವರು ಎದ್ದು ಕೆಲಸ ಶುರು ಮಾಡಿರ್ತಾರೆ. ಇವರಲ್ಲಿ ಎಷ್ಟೋ ಜನ ಹುಟ್ಟಿದಾಗಿನಿಂದ ಆ ಬೆಟ್ಟವನ್ನ ನೋಡ್ತಾನೇ ಇದ್ದಾರೆ, ಒಂದು ಸಲಾನೂ ಹತ್ತಿಲ್ಲ. ಗಂಡ-ಹೆಂಡತಿ ಇಬ್ಬರೂ ಸೇರಿ ಎರಡು ಮೂರು ದಿನ ಎಲ್ಲಾದರೂ ಹೋಗಿ ಬರೋಣ ಅಂದರೆ ಮೊದಲು ಬಾಯಿಗೆ ಬರೋದು ಊಟಿ, ಕೊಡಗು. ಆಮೇಲೆ ಅಂಗಡಿ ಯಾರು ನೋಡ್ಕೋತಾರೆ ಅನ್ನೋ ಪ್ರಶ್ನೆ. ಅಲ್ಲಿಗೆ ಪ್ರವಾಸ ನಿಂತು ಹೋಗುತ್ತೆ.

ಇಂಟರ್ನೆಟ್‌ನಲ್ಲಿ ಸ್ಕಂದಗಿರಿ ಅಂತ ಹುಡುಕಿದರೆ ಸಿಗೋ ಮಾಹಿತಿ ಎಲ್ಲ ಬೆಂಗಳೂರಿನಿಂದ ಬರೋರಿಗೆ ಬರೆದದ್ದು. ಇಲ್ಲಿನವರ ಲೆಕ್ಕ ಬೇರೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಜೋಡಿ ಮೊದಲು ತೀರ್ಮಾನ ಮಾಡಬೇಕಾದ್ದು ಜಾಗ ಅಲ್ಲ, ದಿನ. ದಿನ ಸರಿ ಹೋದರೆ ಹತ್ತಿರದ ಬೆಟ್ಟಾನೂ ಪ್ರವಾಸ ಅನ್ನಿಸುತ್ತೆ. ದಿನ ತಪ್ಪಿದರೆ ದೂರ ಹೋದರೂ ಟ್ರಾಫಿಕ್ ನೋಡ್ಕೊಂಡು ವಾಪಸ್ ಬರೋದೇ.

ದಿನ ಯಾವುದು?

2026ರ ಕ್ಯಾಲೆಂಡರ್‌ನಲ್ಲಿ ಮೇ 1, ಅಕ್ಟೋಬರ್ 2, ಡಿಸೆಂಬರ್ 25 ಮೂರೂ ಶುಕ್ರವಾರ ಬಿದ್ದಿವೆ. ಶುಕ್ರ, ಶನಿ, ಭಾನು ಸೇರಿದರೆ ಐಟಿಯವರಿಗೆ ಲಾಂಗ್ ವೀಕೆಂಡ್. ನಮ್ಮ ಕಡೆ ಹೋಟೆಲ್, ಬೇಕರಿ, ಪಂಕ್ಚರ್ ಅಂಗಡಿ, ಎಳನೀರು, ದ್ರಾಕ್ಷಿ ಮಾರೋರಿಗೆ ಅದು ವ್ಯಾಪಾರದ ದಿನ. ರಾಷ್ಟ್ರೀಯ ಹೆದ್ದಾರಿ 44ರ ಪಕ್ಕದಲ್ಲಿ ಅಂಗಡಿ ಇಟ್ಟುಕೊಂಡು ಆ ಮೂರು ದಿನ ಬಾಗಿಲು ಹಾಕೋದು ಅಂದರೆ ನಷ್ಟ ಮಾಡಿಕೊಂಡು, ಮೇಲೆ ದುಬಾರಿ ರೂಮಿಗೆ ದುಡ್ಡು ಕೊಟ್ಟ ಹಾಗೆ. ಇಂಥವರಿಗೆ ಲಾಂಗ್ ವೀಕೆಂಡ್ ಶುರುವಾಗೋದು ಸೋಮವಾರ. ಭಾನುವಾರ ರಾತ್ರಿ ಬಾಗಿಲು ಎಳೆದು, ಬುಧವಾರ ಬೆಳಗ್ಗೆ ತೆಗೆದರೆ ನಡುವೆ ಪೂರಾ ಎರಡು ದಿನ ಸಿಗುತ್ತೆ. ಊರಿನ ಸಂತೆ ದಿನ, ಮಾಲು ಬರೋ ದಿನ ನೋಡಿಕೊಂಡು ಒಂದು ದಿನ ಹಿಂದೆ ಮುಂದೆ ಮಾಡ್ಕೋಬಹುದು.

ರೇಷ್ಮೆ ಬೆಳೆಯೋರ ಲೆಕ್ಕ ಇನ್ನೊಂದು. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಹಣ್ಣಾಗೋವರೆಗೆ ಮನೆಯಿಂದ ಯಾರೂ ಕದಲೋ ಹಾಗಿಲ್ಲ, ಸೊಪ್ಪು ಹಾಕೋಕೇ ಇಬ್ಬರು ಮೂವರು ಬೇಕು. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ, ಮುಂದಿನ ಚಾಕಿ ತರೋದರ ಒಳಗೆ ಸಿಗೋ ಕೆಲವು ದಿನಗಳೇ ಇವರ ರಜೆ. ಹುಳುಮನೆ ತೊಳೆದು ಔಷಧಿ ಹೊಡೆಯೋ ಕೆಲಸ ಇರುತ್ತೆ ನಿಜ, ಆದರೆ ಅದು ಒಂದೆರಡು ದಿನ ಕಾಯುತ್ತೆ, ಹುಳು ಕಾಯಲ್ಲ. ಹಸು ಕಟ್ಟಿರೋ ಮನೆಗಳಲ್ಲಿ ಇನ್ನೂ ಕಷ್ಟ. ಬೆಳಗ್ಗೆ ಸಂಜೆ ಎರಡು ಹೊತ್ತು ಹಾಲು ಕರೆದು ಡೇರಿಗೆ ಹಾಕಬೇಕು. ಅತ್ತೆ, ತಮ್ಮ, ಪಕ್ಕದ ಮನೆಯವರು ಯಾರೂ ಒಪ್ಪಲಿಲ್ಲ ಅಂದರೆ ರಾತ್ರಿ ಉಳಿಯೋ ಯೋಚನೆ ಬಿಡಬೇಕು. ಅಂಥ ಜೋಡಿಗೆ ಸ್ಕಂದಗಿರಿ ನಿಜವಾಗಲೂ ಅನುಕೂಲ. ಒಂದು ಹೊತ್ತಿನ ಹಾಲು ಯಾರಾದರೂ ಕರೆದು ಕೊಟ್ಟರೆ ಸಾಕು, ಸಂಜೆಯೊಳಗೆ ಮನೆಗೆ ಬಂದು ಬಿಡಬಹುದು.

ಸ್ಕಂದಗಿರಿ ಎಷ್ಟು ಹೊತ್ತಿನ ಜಾಗ?

ಹಳಬರಿಗೆ ಇದು ಕಳವಾರ ಬೆಟ್ಟ, ಕಳವಾರ ದುರ್ಗ. ಚಿಕ್ಕಬಳ್ಳಾಪುರ ಪಟ್ಟಣದಿಂದ ಮೂರ್ನಾಲ್ಕು ಕಿ.ಮೀ., ಆಟೋದಲ್ಲೇ ಹೋಗಬಹುದು. ಬೆಟ್ಟದ ಬುಡದ ಪಾಪಾಗ್ನಿ ಮಠದ ಹತ್ತಿರದಿಂದ ದಾರಿ ಶುರು. ಹತ್ತೋಕೆ ಸುಮಾರು ನಾಲ್ಕು ಕಿ.ಮೀ., ಇಳಿಯೋಕೂ ಅಷ್ಟೇ. ಅಭ್ಯಾಸ ಇಲ್ಲದವರಿಗೆ ಹತ್ತೋಕೆ ಎರಡೂವರೆ ಮೂರು ಗಂಟೆ ಹಿಡಿಯುತ್ತೆ. ಎತ್ತರದಲ್ಲಿ ನಂದಿಗಿಂತ (1,478 ಮೀಟರ್) ತುಸು ಕಡಿಮೆ. ಆದರೆ ನಂದಿಗೆ ಕಾರು ಹೋಗುತ್ತೆ, ಇಲ್ಲಿ ಕಾಲೇ ಗತಿ.

ಮೇಲೆ ಏನಿದೆ? ಹಳೇ ಕೋಟೆಯ ಬಿದ್ದ ಗೋಡೆಗಳು, ಪಾಳು ಬಿದ್ದ ಗುಡಿ, ಬಂಡೆ, ಗಾಳಿ. ಈ ಕೋಟೆಗೆ ಟಿಪ್ಪು ಸುಲ್ತಾನನ ಹೆಸರೂ ಅಂಟಿಕೊಂಡಿದೆ. ಮಳೆಗಾಲ ಮುಗಿದ ಮೇಲಿಂದ ಜನವರಿವರೆಗೆ ಬೆಳಗಿನ ಹೊತ್ತು ಮೋಡ ಕಾಲ ಕೆಳಗೆ ಹಾಸಿಕೊಂಡಿರುತ್ತೆ. ಎಲ್ಲರೂ ಅದನ್ನ ನೋಡೋಕೇ ಬರೋದು. ಮೋಡ ದಿನಾ ಇರಲ್ಲ ಅನ್ನೋದನ್ನ ಫೋಟೋ ಹಾಕೋರು ಹೇಳಲ್ಲ. ಮೋಡ ಇಲ್ಲದ ದಿನ ಎದುರಿಗೆ ನಂದಿ ಬೆಟ್ಟ, ಕೆಳಗೆ ನಮ್ಮದೇ ಊರು, ಕೆರೆ, ದ್ರಾಕ್ಷಿ ತೋಟ ಕಾಣುತ್ತೆ. ತಾವು ವ್ಯಾಪಾರ ಮಾಡೋ ಬೀದಿಯನ್ನ ಮೇಲಿಂದ ಹುಡುಕೋದು ಬೆಂಗಳೂರಿನವರಿಗೆ ಸಿಗದ ಖುಷಿ.

ಮೇಲೆ ಉಳಿಯೋ ಹಾಗಿಲ್ಲ. ಟೆಂಟ್ ಹಾಕೋದು, ಬೆಂಕಿ ಹಾಕೋದು, ರಾತ್ರಿ ಪೂರ್ತಿ ಇರೋದು ಯಾವುದಕ್ಕೂ ಅನುಮತಿ ಇಲ್ಲ. ಹಾಗಾಗಿ ಸ್ಕಂದಗಿರಿ ಅರ್ಧ ದಿನದ ಜಾಗ. ಮೂರು ದಿನದ ಪ್ಲ್ಯಾನ್‌ಗೆ ಇದೊಂದನ್ನೇ ನಂಬಿಕೊಂಡರೆ ಬೆಳಗ್ಗೆ ಹತ್ತು ಹನ್ನೊಂದಕ್ಕೆಲ್ಲ ಕೆಳಗೆ ಇಳಿದು, ಮುಂದೇನು ಅಂತ ಇಬ್ಬರೂ ಮುಖ ಮುಖ ನೋಡ್ಕೋಬೇಕಾಗುತ್ತೆ.

ಟಿಕೆಟ್ ಇಲ್ಲದೆ ಹತ್ತೋ ಕಾಲ ಹೋಯಿತು

ನಮ್ಮೂರ ಬೆಟ್ಟ ತಾನೇ, ಹಿಂದಿನಿಂದ ಹತ್ತೋಣ ಅನ್ನೋದು ಈಗ ನಡೆಯಲ್ಲ. 2024ರ ಜನವರಿ ಕೊನೆಯ ಲಾಂಗ್ ವೀಕೆಂಡ್‌ನಲ್ಲಿ ಕುಮಾರ ಪರ್ವತದಲ್ಲಿ ಸಾವಿರಾರು ಜನ ಒಟ್ಟಿಗೆ ಬಂದು ಕಾಲಿಡೋಕೆ ಜಾಗ ಇಲ್ಲದ ಹಾಗಾಯಿತು. ಅದಾದ ಮೇಲೆ ರಾಜ್ಯದ ಚಾರಣ ಪಥಗಳಿಗೆ ಜನರ ಮಿತಿ ಹಾಕಿ, ಆನ್‌ಲೈನ್ ಬುಕಿಂಗ್ ಬಿಗಿ ಮಾಡಿದರು. 2024ರ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆ ‘ಅರಣ್ಯ ವಿಹಾರ’ ಅನ್ನೋ ವೆಬ್‌ಸೈಟ್ ಶುರು ಮಾಡಿತು. ಸ್ಕಂದಗಿರಿಗೂ ಅಲ್ಲೇ ಬುಕ್ ಮಾಡಬೇಕು. ಇಬ್ಬರ ಹೆಸರು, ಗುರುತಿನ ಚೀಟಿ ವಿವರ ಸರಿಯಾಗಿ ಹಾಕಿ, ಅದೇ ಚೀಟಿಯನ್ನ ಗೇಟಿಗೆ ತಗೊಂಡು ಹೋಗಬೇಕು. ದರ, ಸ್ಲಾಟ್ ಆಗಾಗ ಬದಲಾಗುತ್ತೆ, ವಾಟ್ಸ್ಯಾಪ್‌ನಲ್ಲಿ ಬಂದ ಹಳೇ ಫಾರ್ವರ್ಡ್ ನಂಬದೆ ಅದೇ ದಿನ ಸೈಟ್‌ನಲ್ಲಿ ನೋಡೋದು ಒಳ್ಳೇದು.

ಲಾಂಗ್ ವೀಕೆಂಡ್‌ನಲ್ಲಿ ಬೆಳಗಿನ ಜಾವದ ಸ್ಲಾಟ್ ಬೇಗ ಖಾಲಿಯಾಗುತ್ತೆ. ಸೋಮವಾರ, ಮಂಗಳವಾರ ಅಂಥ ನೂಕುನುಗ್ಗಲು ಇರಲ್ಲ. ಇನ್‌ಸ್ಟಾಗ್ರಾಂನಲ್ಲಿ ಪ್ಯಾಕೇಜ್ ಮಾರೋರಿಗೆ ದುಡ್ಡು ಹಾಕೋ ಅಗತ್ಯ ನಮ್ಮವರಿಗೆ ಇಲ್ಲವೇ ಇಲ್ಲ. ಅವರು ಕೊಡೋದು ಬೆಂಗಳೂರಿನಿಂದ ಬಸ್ಸು, ತಿಂಡಿ, ಟಿಕೆಟ್. ಬಸ್ಸು ನಮಗೆ ಬೇಡ, ತಿಂಡಿ ಊರಲ್ಲೇ ಸಿಗುತ್ತೆ, ಟಿಕೆಟ್ ನಾವೇ ಮಾಡ್ಕೋಬಹುದು.

ಚಪ್ಪಲಿ, ಸೀರೆಯಲ್ಲಿ ಹತ್ತಿದವರು ಇದ್ದಾರೆ, ಆದರೆ ಇಳಿಯುವಾಗ ಸಣ್ಣ ಕಲ್ಲು ಜಾರುತ್ತೆ. ಹಿಡಿತ ಇರೋ ಶೂ ಹಾಕಿ. ಇಬ್ಬರಿಗೂ ಸೇರಿ ಕಡಿಮೆ ಅಂದರೂ ಮೂರು ಲೀಟರ್ ನೀರು, ಸಣ್ಣ ಟಾರ್ಚು. ನೀರು ಸ್ಟೀಲ್ ಬಾಟಲಿಯಲ್ಲಿ ತಗೊಂಡು ಹೋದರೆ ಪ್ಲಾಸ್ಟಿಕ್ ಕಿರಿಕಿರಿ ಇರಲ್ಲ. ಮೇಲೆ ಟೀ, ಮ್ಯಾಗಿ ಸಿಗುತ್ತೆ ಅಂತ ಹಳೇ ವಿಡಿಯೋ ನೋಡಿ ಖಾಲಿ ಕೈಯಲ್ಲಿ ಹೋಗಬೇಡಿ, ವಾರದ ದಿನಗಳಲ್ಲಂತೂ ಬೇಡವೇ ಬೇಡ. ಮಂಡಿ ನೋವು, ಬಿಪಿ ಇರೋರು, ಗರ್ಭಿಣಿಯರು ಈ ಬೆಟ್ಟ ಬಿಟ್ಟುಬಿಡೋದು ಸರಿ. ಒಬ್ಬರಿಗೆ ಆಗಲ್ಲ ಅಂದರೆ ಇನ್ನೊಬ್ಬರು ಒತ್ತಾಯ ಮಾಡೋದು ಬೇಡ, ಅರ್ಧ ದಾರಿಯಲ್ಲಿ ಜಗಳ ಆಗೋದು ಅದಕ್ಕೇ.

ಬಂಡೆ ತುದಿಯ ಸೆಲ್ಫಿ ಬಗ್ಗೆ ಬುದ್ಧಿ ಹೇಳೋದು ಹಳೇದಾಯಿತು. ಆದರೂ 2022ರ ಫೆಬ್ರುವರಿಯಲ್ಲಿ ನಂದಿ ಪಕ್ಕದ ಬ್ರಹ್ಮಗಿರಿಯಲ್ಲಿ ಕಾಲು ಜಾರಿ ಸುಮಾರು 300 ಅಡಿ ಕೆಳಗೆ ಬಿದ್ದ ವಿದ್ಯಾರ್ಥಿಯನ್ನ ಎತ್ತೋಕೆ ಯಲಹಂಕದಿಂದ ವಾಯುಪಡೆ ಹೆಲಿಕಾಪ್ಟರ್ ಬರಬೇಕಾಯಿತು ಅನ್ನೋದು ನೆನಪಿದ್ದರೆ ಸಾಕು.

‘ಲೋಕಲ್ ಐಡಿ ಆಗಲ್ಲ’

ಇದು ನಮ್ಮವರಿಗೇ ಆಗೋ ತೊಂದರೆ. ಬೆಂಗಳೂರಿನ ಜೋಡಿ ಬಂದರೆ ರೂಮ್ ಸಿಗುತ್ತೆ. ಚಿಕ್ಕಬಳ್ಳಾಪುರದ ವಿಳಾಸ ಇರೋ ಆಧಾರ್ ಕಾರ್ಡ್ ಕೊಟ್ಟರೆ ಕೆಲವು ಲಾಡ್ಜ್, ಹೋಂಸ್ಟೇಗಳಲ್ಲಿ ‘ಲೋಕಲ್ ಐಡಿ ತಗೊಳ್ಳಲ್ಲ’ ಅಂತಾರೆ. ಮದುವೆಯಾಗಿ ಇಪ್ಪತ್ತು ವರ್ಷ ಆಗಿರೋರೂ ಕೌಂಟರ್ ಮುಂದೆ ಕೈ ಕಟ್ಟಿ ನಿಲ್ಲಬೇಕು. ವಯಸ್ಸಿಗೆ ಬಂದ ಇಬ್ಬರು ತಮ್ಮದೇ ತಾಲ್ಲೂಕಿನ ಲಾಡ್ಜ್‌ನಲ್ಲಿ ಉಳಿಯಬಾರದು ಅಂತ ಯಾವ ಕಾನೂನೂ ಇಲ್ಲ. ಅದು ಮಾಲೀಕರು ತಾವೇ ಮಾಡಿಕೊಂಡಿರೋ ರೂಲ್ಸ್. ಆದರೆ ರಾತ್ರಿ ಎಂಟು ಗಂಟೆಗೆ ಬ್ಯಾಗ್ ಹಿಡಿದು ನಿಂತವರು ಕಾನೂನು ಮಾತಾಡಿ ಗೆಲ್ಲೋಕಾಗಲ್ಲ. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟೋ ಮುಂಚೆ ಫೋನ್ ಮಾಡಿ, ನಮ್ಮದು ಇದೇ ಜಿಲ್ಲೆ, ಆಧಾರ್ ಇಲ್ಲಿನದೇ, ನಡೆಯುತ್ತಾ ಅಂತ ಒಂದೇ ಪ್ರಶ್ನೆ ಕೇಳಿ. ಹೌದು ಅಂದರೆ ಅದನ್ನ ಮೆಸೇಜ್‌ನಲ್ಲಿ ಹಾಕಿಸಿಕೊಳ್ಳಿ. ಆ್ಯಪ್‌ಗಳಲ್ಲಿ ಬುಕ್ ಮಾಡೋರು ಹೋಟೆಲ್ ನಿಯಮದ ಜಾಗದಲ್ಲಿ ಇದನ್ನ ಬರೆದಿದ್ದಾರಾ ಅಂತ ಕೆಳಗಿನವರೆಗೂ ಓದಬೇಕು. ಆಗಲ್ಲ ಅಂತ ಬರೆದಿದ್ದು ನೀವು ನೋಡದೆ ಬುಕ್ ಮಾಡಿದ್ದರೆ ದುಡ್ಡು ವಾಪಸ್ ಬರೋದು ಕಷ್ಟ.

ಈ ಕಿರಿಕಿರಿ ಬೇಡ ಅನ್ನೋರಿಗೆ ಸರ್ಕಾರದ ವಸತಿಗಳೇ ವಾಸಿ. ಅಂಥದ್ದು ಹತ್ತಿರದಲ್ಲೇ ಇದೆ.

ಬೆಟ್ಟದ ಮೇಲೆ ರಾತ್ರಿ ಬೇಕು ಅಂದರೆ ನಂದಿ

ಸಂಜೆ ಗೇಟ್ ಹಾಕಿ ಜನ ಎಲ್ಲ ಇಳಿದು ಹೋದ ಮೇಲಿನ ನಂದಿ ಬೆಟ್ಟವನ್ನ ನೋಡಿದವರು ಕಡಿಮೆ. ಮೇಲೆ ರೂಮ್ ಇರೋರು ಮಾತ್ರ ಉಳೀತಾರೆ. ತೋಟಗಾರಿಕೆ ಇಲಾಖೆಯ ಕೊಠಡಿಗಳಿವೆ, ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಪೈನ್ ಟಾಪ್ ಇದೆ. ಮೊದಲೇ ಬುಕ್ ಮಾಡಬೇಕು. ವಾರದ ದಿನ ಒಂದು ರಾತ್ರಿ ಇಲ್ಲಿ ಉಳಿದು, ಬೆಳಗ್ಗೆ ಟಿಪ್ಪು ಡ್ರಾಪ್ ಕಡೆ ನಡೆದು ಹೋದರೆ ಕೆಳಗಿನ ಗಾಡಿ ಮೇಲೆ ಬರೋ ಮುಂಚೆ ಬೆಟ್ಟ ನಿಮ್ಮದೇ. ಮಂಗಗಳಿಗೆ ಮಾತ್ರ ಇದು ಅನ್ವಯಿಸಲ್ಲ, ತಿಂಡಿ ಚೀಲ ಜೋಪಾನ.

ವಾರದ ದಿನ ಅಂತ ಕಣ್ಣು ಮುಚ್ಚಿಕೊಂಡು ಹೊರಡೋದೂ ತಪ್ಪು. 2021ರ ಆಗಸ್ಟ್ ಕೊನೆಯಲ್ಲಿ ಗುಡ್ಡ ಕುಸಿದು ರಸ್ತೆ ಕೊಚ್ಚಿ ಹೋದಾಗ ಬೆಟ್ಟ ಡಿಸೆಂಬರ್‌ವರೆಗೆ ಮುಚ್ಚಿತ್ತು. 2025ರ ಮಾರ್ಚ್ ಕೊನೆಯಿಂದ ರಸ್ತೆ ದುರಸ್ತಿಗೆ ಅಂತ ವಾರದ ದಿನಗಳಲ್ಲೇ ಪ್ರವೇಶ ನಿಲ್ಲಿಸಿದ್ದರು. 2025ರ ಜುಲೈ 2ರಂದು ರಾಜ್ಯ ಸಚಿವ ಸಂಪುಟ ಸಭೆ ಇಲ್ಲೇ ನಡೀತು. ಡಿಸೆಂಬರ್ 31ರ ರಾತ್ರಿಗೂ ಪ್ರತಿ ವರ್ಷ ನಿರ್ಬಂಧ ಇದ್ದೇ ಇರುತ್ತೆ. ಹಿಂದಿನ ದಿನ ಒಂದು ಫೋನ್ ಮಾಡಿ ಹೊರಟರೆ ಪೆಟ್ರೋಲ್ ಉಳಿಯುತ್ತೆ.

ಕೆಳಗೆ ನಂದಿ ಗ್ರಾಮದ ಭೋಗ ನಂದೀಶ್ವರ ದೇವಸ್ಥಾನವನ್ನ ಬಿಟ್ಟು ಬರಬೇಡಿ. ಒಂಬತ್ತನೇ ಶತಮಾನದಷ್ಟು ಹಳೇದು. ಅರುಣಾಚಲೇಶ್ವರ, ಭೋಗ ನಂದೀಶ್ವರ, ಎರಡರ ನಡುವೆ ಉಮಾಮಹೇಶ್ವರನ ಗುಡಿ, ಅದರ ಮುಂದೆ ಕರಿಕಲ್ಲಿನ ಕಲ್ಯಾಣ ಮಂಟಪ. ಹೊಸದಾಗಿ ಮದುವೆಯಾದವರು ಬಂದು ಕೈ ಮುಗಿಯೋದು ಇಲ್ಲಿಗೇ. ಮೇಲೆ ಬೆಟ್ಟದಲ್ಲಿರೋದು ಯೋಗ ನಂದೀಶ್ವರ, ಸಂಸಾರ ಬಿಟ್ಟವನು. ಜೋಡಿಯಾಗಿ ಹೋದವರು ಯಾರಿಗೆ ಮೊದಲು ಕೈ ಮುಗೀಬೇಕು ಅನ್ನೋದು ಅವರಿಗೆ ಬಿಟ್ಟಿದ್ದು. ಕಲ್ಯಾಣಿ ಮೆಟ್ಟಿಲ ಮೇಲೆ ಸಂಜೆ ಅರ್ಧ ಗಂಟೆ ಕೂತರೂ ಸಾಕು, ರೆಸಾರ್ಟ್ ಬೇಕು ಅನ್ನಿಸಲ್ಲ.

ಆವಲಗುರ್ಕಿಯ ಈಶಾ ಆದಿಯೋಗಿ (112 ಅಡಿ, 2023ರ ಜನವರಿ 15ರಂದು ಅನಾವರಣ) ಇದೇ ದಾರಿಯವರಿಗೆ ಇನ್ನೊಂದು ಸಂಜೆ. ಶನಿವಾರ, ಭಾನುವಾರ ಆ ರಸ್ತೆಗೆ ಹೋಗದೆ ಇರೋದು ವಾಸಿ.

ಹತ್ತೋಕೆ ಇಷ್ಟ ಇಲ್ಲದವರಿಗೆ

ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ, ಸಮಾಧಿ ಇದೆ, ಎರಡು ಗಂಟೆ ಸಾಕು. ಗೌರಿಬಿದನೂರು ಕಡೆಯವರು ವಿದುರಾಶ್ವತ್ಥಕ್ಕೆ ನಾಗರ ಪೂಜೆಗೆ ಅಂತ ಹೋಗಿ ಬಂದುಬಿಡ್ತಾರೆ. 1938ರ ಏಪ್ರಿಲ್ 25ರಂದು ಧ್ವಜ ಹಾರಿಸೋಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿದ ಜಾಗವೂ ಅದೇ ಊರು. ವೀರಸೌಧ ನೋಡದೆ ಬರೋರೇ ಹೆಚ್ಚು. ಚಿಂತಾಮಣಿ ತಾಲ್ಲೂಕಿನಲ್ಲಿ ಕೈವಾರ ಇದೆ. ತಾತಯ್ಯನವರ ಮಠ, ಅಮರನಾರೇಯಣ ಸ್ವಾಮಿ, ಭೀಮೇಶ್ವರ ಗುಡಿ ಎಲ್ಲ ನಡೆದೇ ಮುಗಿಸಬಹುದು.

ಸ್ವಲ್ಪ ಹತ್ತೋಣ, ಆದರೆ ಸ್ಕಂದಗಿರಿಯಷ್ಟು ಬೇಡ ಅನ್ನೋರಿಗೆ ಗುಡಿಬಂಡೆ. ಬೈರೇಗೌಡ ಕಟ್ಟಿಸಿದ ಏಳು ಸುತ್ತಿನ ಕೋಟೆ, ಮಳೆನೀರು ಹಿಡಿಯೋ ಕಲ್ಲಿನ ದೊಣೆಗಳು, ಮೇಲಿನಿಂದ ಅಮಾನಿ ಬೈರಸಾಗರ ಕೆರೆ. ಕೆರೆ ಭಾರತದ ನಕ್ಷೆ ಥರ ಕಾಣುತ್ತೆ ಅಂತಾರೆ, ನೀರು ತುಂಬಿದ ವರ್ಷ ಸ್ವಲ್ಪ ಮಟ್ಟಿಗೆ ನಿಜ. ಅಲ್ಲಿಂದ ಆವಲಬೆಟ್ಟಕ್ಕೂ ಹೋಗಬಹುದು. ಅಲ್ಲಿ ಚಾಚಿಕೊಂಡಿರೋ ಬಂಡೆ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳೋದು ಮಾತ್ರ ಬೇಡ.

ಈ ಊರುಗಳಿಗೆಲ್ಲ ಕಾರು ಬೇಕು ಅಂತೇನಿಲ್ಲ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ನಾಲ್ಕೂ ರಾಷ್ಟ್ರೀಯ ಹೆದ್ದಾರಿ 69ರ ಮೇಲೇ ಇವೆ, ಬಸ್ಸಿಗೆ ಕೊರತೆ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ, ಜೋಡಿಗೆ ಚಾರ್ಜು ಅರ್ಧವೇ. ಉಳಿದ ದುಡ್ಡಲ್ಲಿ ಒಳ್ಳೇ ಕಡೆ ಊಟ.

ಜಿಲ್ಲೆ ದಾಟಬೇಕು ಅಂದರೆ

ಒಂದು ರಾತ್ರಿಗೆ ಲೇಪಾಕ್ಷಿಯಂಥ ಜಾಗ ಇನ್ನೊಂದಿಲ್ಲ. ಬಾಗೇಪಲ್ಲಿ ದಾಟಿ ಕೊಡಿಕೊಂಡ ಚೆಕ್‌ಪೋಸ್ಟ್‌ನಲ್ಲಿ ಎಡಕ್ಕೆ. ಗೌರಿಬಿದನೂರಿನವರು ರೈಲಿನಲ್ಲಿ ಹಿಂದೂಪುರಕ್ಕೆ ಹೋಗಿ ಅಲ್ಲಿಂದ ಬಸ್ ಹಿಡೀಬಹುದು. ವೀರಭದ್ರ ದೇವಸ್ಥಾನ, ನೆಲಕ್ಕೆ ತಾಗದ ಕಂಬ, ಚಾವಣಿಯ ಚಿತ್ರಗಳು, ಅರ್ಧಕ್ಕೇ ನಿಂತ ಕಲ್ಯಾಣ ಮಂಟಪ, ಹೊರಗೆ 27 ಅಡಿ ಉದ್ದದ ಒಂದೇ ಕಲ್ಲಿನ ಬಸವಣ್ಣ. ನಮ್ಮ ಕಡೆ ಮನೆಮಾತೇ ತೆಲುಗು ಇರೋರು ಅರ್ಧಕ್ಕರ್ಧ, ಭಾಷೆ ತೊಂದರೆ ಇಲ್ಲ. ಶಕ್ತಿ ಟಿಕೆಟ್ ಮಾತ್ರ ಗಡಿವರೆಗೇ. ಹಳದಿ ಬೋರ್ಡ್ ಟ್ಯಾಕ್ಸಿ ಮಾಡಿಕೊಂಡು ಹೋಗೋರು ಆಂಧ್ರದ ಟ್ಯಾಕ್ಸ್ ಯಾರು ಕಟ್ಟೋದು ಅಂತ ಹೊರಡೋ ಮುಂಚೆಯೇ ಮಾತಾಡ್ಕೊಳ್ಳಿ.

ತಂಪು ಬೇಕು, ಎರಡು ರಾತ್ರಿ ಇರಬೇಕು ಅನ್ನೋ ಚಿಂತಾಮಣಿ ಕಡೆಯವರು ಮದನಪಲ್ಲಿ ದಾಟಿ ಹಾರ್ಸ್‌ಲಿ ಹಿಲ್ಸ್ ನೋಡಬಹುದು. ಎತ್ತರ ನಂದಿಗಿಂತ ಕಡಿಮೆ, ಆದರೆ ನಂದಿಯಷ್ಟು ಗಲಾಟೆ ಇಲ್ಲ. ಆಂಧ್ರ ಪ್ರವಾಸೋದ್ಯಮದ ವಸತಿ ಮೇಲೆಯೇ ಇದೆ. ಅಲ್ಲಿ ನಮ್ಮ ಆಧಾರ್ ‘ಲೋಕಲ್’ ಅಲ್ಲ ಅನ್ನೋದೂ ಒಂದು ಅನುಕೂಲ.

ಊಟಿ? ಎರಡು ದಿನಕ್ಕಾದರೆ ಬೇಡ. ಹೋಗೋಕೆ ಒಂದು ದಿನ, ಬರೋಕೆ ಒಂದು ದಿನ ಬೇಕು. 2024ರ ಮೇ 7ರಿಂದ ಊಟಿ, ಕೊಡೈಕೆನಾಲ್‌ಗೆ ಹೊರಗಿನ ಗಾಡಿಗಳಿಗೆ ಇ-ಪಾಸ್ ಕಡ್ಡಾಯ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್, ಅಂಗಡಿ ಮುಚ್ಚಿ ರಾತ್ರಿ ಹೊರಡೋಣ ಅನ್ನೋರು ಗುಂಡ್ಲುಪೇಟೆ ದಾಟಿ ಗೇಟ್ ಮುಂದೆ ಗಾಡಿಯಲ್ಲೇ ಮಲಗಬೇಕಾಗುತ್ತೆ. ನಾಲ್ಕು ದಿನ ಅಂಗಡಿ ನೋಡ್ಕೊಳ್ಳೋಕೆ ನಂಬಿಕಸ್ಥರು ಸಿಕ್ಕರೆ ಮಾತ್ರ ಆ ಯೋಚನೆ ಮಾಡಿ.

ಎರಡೇ ದಿನ ಇರೋರಿಗೆ ಲೆಕ್ಕ ಹೀಗೆ ಕೂರುತ್ತೆ. ಭಾನುವಾರ ರಾತ್ರಿ ಅಂಗಡಿ ಮುಚ್ಚಿ ಮನೆಯಲ್ಲೇ ನಿದ್ದೆ, ಸೋಮವಾರ ಬೆಳಗಿನ ಜಾವ ಸ್ಕಂದಗಿರಿ, ಇಳಿದು ಬಂದು ಸ್ನಾನ, ಊಟ. ಮಧ್ಯಾಹ್ನದ ಮೇಲೆ ಭೋಗ ನಂದೀಶ್ವರ, ಗೇಟ್ ಹಾಕೋ ಮುಂಚೆ ನಂದಿ ಮೇಲಿನ ರೂಮು. ಮಂಗಳವಾರ ಮಧ್ಯಾಹ್ನದೊಳಗೆ ಕೆಳಗೆ. ಕಾಲು ನೋವು ಬುಧವಾರ ಕೌಂಟರ್‌ನಲ್ಲಿ ಕೂತಾಗ ಶುರುವಾಗುತ್ತೆ, ಅದಕ್ಕೆ ಬಿಸಿನೀರು.